ಸಾಯದೆ ಉಳಿದ ಅಣುಜೀವಿಗೆ ಒಂದು ಹೆಸರು

ರೋಗಾಣುಗಳ ವಿಷಯವಾಗಿ ಕನ್ನಡದಲ್ಲಿ ಬರೆಯುವವರ ಲೇಖನಿಗೆ ಒಂದು ಚಾಳಿ ಅಂಟಿಕೊಂಡಿದೆ. ಔಷಧಿಗೆ ಸಾಯದ ಅಣುಜೀವಿ ಯಾವುದೇ ಇರಲಿ, ಅದಕ್ಕೆ ‘ನಿರೋಧಕ’ ಎಂಬ ಒಂದೇ ಹಣೆಪಟ್ಟಿ. ಅದರ ಹಿಂದೆಯೇ ಯುದ್ಧ, ಕೋಟೆ, ಕವಚಗಳ ವರ್ಣನೆ. ಕುಮಾರವ್ಯಾಸನ ನಾಡಿನವರಿಗೆ ಯುದ್ಧವರ್ಣನೆ ಸುಲಭ, ನಿಜ. ಆದರೆ ಇಲ್ಲಿ ಕೆಲವು ಅಣುಗಳು ಯುದ್ಧಕ್ಕೇ ಬರುವುದಿಲ್ಲ.

1944ರಲ್ಲಿ ಐರ್ಲೆಂಡಿನ ಜೋಸೆಫ್ ಬಿಗರ್ ಕಂಡುದು ಇದನ್ನೇ. ಸ್ಟೆಫಿಲೊಕಾಕಸ್ ತುಂಬಿದ ನಳಿಗೆಗೆ ಪೆನಿಸಿಲಿನ್ ಹಾಕಿದರೆ ಹತ್ತು ಲಕ್ಷಕ್ಕೆ ಒಂದರಂತೆ ಕೆಲವು ಉಳಿಯುತ್ತಿದ್ದವು. ಉಳಿದವನ್ನು ಬೆಳೆಸಿ ಮತ್ತೆ ಪೆನಿಸಿಲಿನ್ ಕೊಟ್ಟಾಗ ಅವುಗಳ ಸಂತಾನ ಮೊದಲಿನಂತೆಯೇ ಸತ್ತಿತು. ಎಂದರೆ ಅವು ಬೇರೊಂದು ಬಲಿಷ್ಠ ಕುಲವಲ್ಲ. ಪೆನಿಸಿಲಿನ್ ಕೆಡಿಸುವುದು ಕೋಶದ ಗೋಡೆ ಕಟ್ಟುವ ಕೆಲಸವನ್ನು; ಕಟ್ಟದೆ ಮಲಗಿದವಕ್ಕೆ ಅದು ಏನು ಮಾಡೀತು? ಬಿಗರ್ ಇವಕ್ಕೆ ‘ಪರ್ಸಿಸ್ಟರ್’ ಎಂದು ಹೆಸರಿಟ್ಟ.

ನಮ್ಮಲ್ಲಿ ‘ಸುಪ್ತ’ ಎಂಬುದುಂಟು. ಶಬ್ದ ಶುದ್ಧ, ಚಿತ್ರ ಮಂಕು. ಸಮೀರವಾಡಿಯ ಸುತ್ತಿನ ಕಬ್ಬಿನ ಹೊಲದವರನ್ನು ಕೇಳಿದ್ದರೆ ಜೇಕಿನ ಗಡ್ಡೆಯನ್ನು ತೋರಿಸುತ್ತಿದ್ದರು. ಮೇಲಿನ ಗರಿಯನ್ನೆಲ್ಲ ಕಿತ್ತರೂ ಮೊಳೆಯದೆ ಕುಳಿತ ಗಡ್ಡೆ ನೀರು ಹಾಯ್ದ ಮೇಲೆ ಚಿಗುರುತ್ತದೆ. ಚಿಗುರಿದ್ದು ಹೊಸ ಜಾತಿಯ ಕಳೆಯಲ್ಲ, ಅದೇ ಜೇಕು. ಉಪಮಾನ ಪೂರ್ಣವಲ್ಲ. ಗಡ್ಡೆ ಗಿಡದ ಬೇರೊಂದು ಅಂಗ. ಇಲ್ಲಿ ಮಲಗಿದ್ದೂ ಎದ್ದದ್ದೂ ಒಂದೇ ಕೋಶ. ಆದರೂ ಕವಚಕ್ಕಿಂತ ವಾಸಿ.

ಇದು ಬರಿಯ ಶಬ್ದದ ಜಗಳವೆಂದು ವಾಚಕರು ನಗಬಾರದು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಸ್ಥಾಪನೆಯಾದಾಗ ಕ್ಷಯದ ಚಿಕಿತ್ಸೆ ವರ್ಷ, ಒಂದೂವರೆ ವರ್ಷ ನಡೆಯುತ್ತಿತ್ತು. ರಿಫಾಂಪಿಸಿನ್, ಪೈರಜಿನಮೈಡ್‌ಗಳು ಬಂದ ಮೇಲೆ ಸಾಮಾನ್ಯ ಕ್ಷಯಕ್ಕೆ ಅದು ಆರು ತಿಂಗಳಿಗಿಳಿಯಿತು: ಮೊದಲ ಎರಡು ತಿಂಗಳು ನಾಲ್ಕು ಮದ್ದು, ಅನಂತರ ನಾಲ್ಕು ತಿಂಗಳು ಮೂರು. ಬೆಳೆಯುತ್ತಿರುವ ಅಣುಗಳನ್ನು ಐಸೊನಯಜಿಡ್ ಬೇಗ ಕೊಲ್ಲುತ್ತದೆ. ಕೆಮ್ಮು ನಿಂತು, ಹಸಿವೆ ಬಂದು, ಮೈ ತುಂಬಿಕೊಂಡ ಮೇಲಿನ ತಿಂಗಳುಗಳೆಲ್ಲ ಬಹುಮಟ್ಟಿಗೆ ಮಲಗಿದವುಗಳಿಗಾಗಿ. ‘ವೈರಿ ಸೋತ’ ಎಂದು ನಮ್ಮ ಲೇಖನದಲ್ಲಿ ಓದಿದ ರೋಗಿ ಎರಡನೆಯ ತಿಂಗಳಿಗೇ ಗುಳಿಗೆ ಬಿಟ್ಟರೆ ತಪ್ಪು ಅವನೊಬ್ಬನದೆ? ಹಾಗೆ ಬಿಟ್ಟು, ಮರಳಿದ ರೋಗದಲ್ಲಿಯೇ ನಿಜವಾದ ನಿರೋಧಕಗಳಿಗೂ ಎಡೆಯಾಗುತ್ತದೆ.

ಕತೆಗಾರರದೂ ಸ್ವಲ್ಪ ಪಾಲುಂಟು. ‘ಸಂಸ್ಕಾರ’ದ (1965) ಪ್ಲೇಗು ಕೆಲವೇ ದಿನಗಳಲ್ಲಿ ಅಗ್ರಹಾರವನ್ನು ಕದಡಿಬಿಡುತ್ತದೆ, ಕಾದಂಬರಿಗೆ ಒದಗುವ ವೇಗವದು. ಗುಣವಾದಂತೆ ಕಂಡ ಮೇಲೆಯೂ ನಾಲ್ಕು ತಿಂಗಳು ಬೇಸರದಿಂದ ಗುಳಿಗೆ ನುಂಗುವ ಮನುಷ್ಯನನ್ನು ಬರೆಯುವುದು ಅದಕ್ಕಿಂತ ಕಷ್ಟ. ಅವನ ಮನೆಯವರು ‘ಇನ್ನೂ ಯಾಕೆ?’ ಎಂದು ಕೇಳುತ್ತಲೇ ಇರುತ್ತಾರೆ.