ಮೊದಲನೇ ಕೇಸು ಏನಾಯಿತು? ‘ಮೂನ್‌ಸ್ಟೋನ್’ ಅನ್ನು ಕೂಡಿ ಓದಿದ ಅನುಭವ

ಪತ್ತೇದಾರಿ ಕಾದಂಬರಿಯನ್ನು ಹತ್ತು ಜನ ಕೂಡಿ ಓದಲು ಸಾಧ್ಯವೇ? ಮೈಸೂರಿನ ನಮ್ಮ ಓದುಬಳಗದಲ್ಲಿ ಈ ಪ್ರಶ್ನೆ ಬಂದಾಗ ಸಾಧ್ಯವಿಲ್ಲ ಎಂದು ವಾದಿಸಿದವನು ನಾನು. ಚಿಕ್ಕಂದಿನಲ್ಲಿ ಬಾಡಿಗೆ ಲೈಬ್ರರಿಯಿಂದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ತಂದು, ಒಂದೇ ರಾತ್ರಿಯಲ್ಲಿ ಓದಿ, ಮರುದಿನ ವಾಪಸು ಕೊಟ್ಟು ಬೆಳೆದವನು. ಇಂಥ ಪುಸ್ತಕವನ್ನು ಒಬ್ಬರೇ ಓದಬೇಕು, ಬೇಗ ಓದಬೇಕು; ಕೊಲೆಗಾರ ಯಾರೆಂದು ಗೊತ್ತಾದ ಮೇಲೆ ಮಾತಿಗೆ ಏನು ಉಳಿಯುತ್ತದೆ ಎಂಬುದು ನನ್ನ ನಿಲುವಾಗಿತ್ತು.

ಮೊದಲೆರಡು ಪ್ರಯತ್ನಗಳು ನನ್ನ ಪರವಾಗಿಯೇ ಸಾಕ್ಷಿ ಹೇಳಿದವು. ಕಾನನ್ ಡಾಯ್ಲ್‌ರ ‘ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’ ಓದಿದೆವು. ಎಲ್ಲರೂ ಮೆಚ್ಚಿದರು, ಅರ್ಧ ಗಂಟೆಯಲ್ಲಿ ಮಾತು ಮುಗಿಯಿತು. ಆಮೇಲೆ ಅಗಾಥಾ ಕ್ರಿಸ್ಟಿಯ 1926ರ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’. ಅದರ ಕೊನೆ ಎಷ್ಟು ಹೆಸರುವಾಸಿಯೆಂದರೆ, ಬಳಗದ ಒಬ್ಬರು ಮೊಬೈಲಿನಲ್ಲಿ ನೋಡಿಕೊಂಡು ಬಂದು ಕಾಫಿ ಕುಡಿಯುವಾಗ ಹೇಳಿಯೇಬಿಟ್ಟರು. ಇನ್ನೊಬ್ಬರು ಸಿಟ್ಟಾಗಿ ಎರಡು ಭಾನುವಾರ ಬರಲಿಲ್ಲ.

ಮೂರನೆಯದಾಗಿ ಎತ್ತಿಕೊಂಡದ್ದು ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’. ಇಂಗ್ಲಿಷಿನ ಪತ್ತೇದಾರಿ ಕಾದಂಬರಿಗಳಿಗೆ ಮೂಲಪುರುಷ ಎನ್ನಬಹುದಾದ ಕೃತಿ. 1868ರ ಜನವರಿಯಿಂದ ಆಗಸ್ಟ್‌ವರೆಗೆ, ಡಿಕನ್ಸ್ ನಡೆಸುತ್ತಿದ್ದ ‘ಆಲ್ ದಿ ಇಯರ್ ರೌಂಡ್’ ಪತ್ರಿಕೆಯಲ್ಲಿ 32 ವಾರ ಧಾರಾವಾಹಿಯಾಗಿ ಬಂತು. ನಾವೂ ವಾರಕ್ಕೆ ಎರಡು ಕಂತಿನಂತೆ ಓದೋಣ, ಮುಂದಕ್ಕೆ ಇಣುಕಬಾರದು ಎಂದು ಕಟ್ಟುಮಾಡಿಕೊಂಡೆವು. ಇಂಗ್ಲಿಷ್ ಓದು ಕಷ್ಟವೆನ್ನುವವರಿಗೆ ಆ ವಾರದ ಭಾಗವನ್ನು ಯಾರಾದರೊಬ್ಬರು ಕನ್ನಡದಲ್ಲಿ ಹೇಳುವುದು. ಇನ್ನೊಂದು ನಿಯಮವೂ ಇತ್ತು: ಕಥೆಯೊಳಗೆ ಪತ್ತೇದಾರ ಬರುವ ಮುಂಚೆ ಪ್ರತಿಯೊಬ್ಬರೂ ತಮ್ಮ ಅನುಮಾನ ಯಾರ ಮೇಲೆಂದು ಚೀಟಿ ಬರೆದು ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಬೇಕು.

ಓದದವರಿಗಾಗಿ ಒಂದು ಮಾತು: ಇಂಗ್ಲೆಂಡಿನ ಆ ಮನೆಯಲ್ಲಿ ವಜ್ರ ಕದ್ದವರು ಯಾರೆಂದು ಇಲ್ಲಿ ಹೇಳುವುದಿಲ್ಲ. ಆದರೆ ವಜ್ರ ಎಲ್ಲಿ ಹೋಗಿ ಸೇರಿತು ಎಂಬುದನ್ನು ಹೇಳದೆ ನನ್ನ ಮಾತು ಪೂರ್ತಿಯಾಗುವುದಿಲ್ಲ.

ಕಾದಂಬರಿ ಶುರುವಾಗುವುದು ಇಂಗ್ಲೆಂಡಿನಲ್ಲಲ್ಲ, ನಮ್ಮ ಶ್ರೀರಂಗಪಟ್ಟಣದಲ್ಲಿ. 1799ರ ಮೇ 4, ಟಿಪ್ಪು ಸುಲ್ತಾನ್ ಸತ್ತ ದಿನ. ಕೋಟೆಯೊಳಗೆ ನುಗ್ಗಿದ ಬ್ರಿಟಿಷ್ ಸೈನ್ಯದ ಹರ್ನ್‌ಕ್ಯಾಸಲ್ ಎಂಬ ಅಧಿಕಾರಿ ಆಯುಧಶಾಲೆಯಲ್ಲಿ ರಕ್ತ ತೊಟ್ಟಿಕ್ಕುವ ಕಠಾರಿ ಹಿಡಿದು ನಿಂತಿದ್ದಾನೆ. ಇಬ್ಬರು ಸತ್ತು ಬಿದ್ದಿದ್ದಾರೆ, ಮೂರನೆಯವನು ಸಾಯುತ್ತಿದ್ದಾನೆ. ಆ ಕಠಾರಿಯ ಹಿಡಿಯಲ್ಲಿ ಒಂದು ಹಳದಿ ವಜ್ರ. ಅದು ಒಂದು ಕಾಲಕ್ಕೆ ಸೋಮನಾಥದ ದೇವರ ಹಣೆಯಲ್ಲಿತ್ತೆಂದೂ, ಕಾವಲಿಗೆ ತಲೆತಲಾಂತರದಿಂದ ಮೂವರು ಬ್ರಾಹ್ಮಣರು ಹಿಂಬಾಲಿಸುತ್ತಿದ್ದಾರೆಂದೂ ಕಥೆ. ಈ ದೃಶ್ಯವನ್ನು ಕಂಡವನು ಹರ್ನ್‌ಕ್ಯಾಸಲ್‌ನ ದಾಯಾದಿಯೇ. ಆದರೆ ಕೊಂದದ್ದನ್ನು ಕಣ್ಣಾರೆ ಕಂಡಿಲ್ಲ. ಮನಸ್ಸಿಗೆ ಖಾತ್ರಿಯಿದೆ, ರುಜುವಾತಿಲ್ಲ. ಹಾಗಾಗಿ ಮೇಲಿನವರಿಗೆ ದೂರು ಕೊಡದೆ, ಮನೆಯವರಿಗೆ ಮಾತ್ರ ಕಾಗದ ಬರೆದು ಸುಮ್ಮನಾಗುತ್ತಾನೆ.

ಮೊದಲ ಸಭೆಯಲ್ಲಿ ಈ ಭಾಗವನ್ನು ನಾನು ಐದು ನಿಮಿಷದಲ್ಲಿ ಹೇಳಿ ಮುಗಿಸಿದೆ. “ಇದು ಬರೀ ಹಿನ್ನೆಲೆ, ನಿಜವಾದ ಕಥೆ ಮುಂದಿದೆ” ಎಂದೆ. ಗಂಜಾಮಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಟೀಚರು, “ಸಾರ್, ನಮ್ಮೂರಲ್ಲಿ ಮೂರು ಹೆಣ ಬಿದ್ದದೆ, ಅದು ಹಿನ್ನೆಲೆನಾ?” ಎಂದರು. ಎಲ್ಲರೂ ನಕ್ಕೆವು. ನಾನು ಮುಂದಿನ ಅಧ್ಯಾಯಕ್ಕೆ ಹೋದೆ.

ಮುಂದಿನ ಕಥೆ 1848ರದ್ದು. ಹರ್ನ್‌ಕ್ಯಾಸಲ್ ಸಾಯುವಾಗ ವಜ್ರವನ್ನು ಸೋದರ ಸೊಸೆ ರೇಚೆಲ್‌ಗೆ ಬರೆದಿಟ್ಟಿದ್ದಾನೆ. ಪ್ರೀತಿಯಿಂದಲೋ ಸೇಡಿನಿಂದಲೋ ಯಾರಿಗೂ ತಿಳಿಯದು. ಅವಳ ಹುಟ್ಟುಹಬ್ಬದ ರಾತ್ರಿ ವಜ್ರ ಕಾಣೆಯಾಗುತ್ತದೆ. ಮನೆಯ ಸುತ್ತ ಮೂವರು ಭಾರತೀಯರು ದೊಂಬರ ವೇಷದಲ್ಲಿ ಸುಳಿದಾಡಿದ್ದಾರೆ. ಮನೆಯೊಳಗೆ ರೊಸಾನಾ ಎಂಬ ಕೆಲಸದ ಹುಡುಗಿಯಿದ್ದಾಳೆ. ಹಿಂದೆ ಕಳ್ಳತನ ಮಾಡಿ ಶಿಕ್ಷೆ ಅನುಭವಿಸಿ ಬಂದವಳು. ಈ ಹಂತದಲ್ಲಿ ನಾವು ಚೀಟಿ ಬರೆದೆವು. ನಾನು ಎರಡನೇ ಯೋಚನೆಯಿಲ್ಲದೆ ರೊಸಾನಾ ಎಂದು ಬರೆದೆ.

ಕಾಲಿನ್ಸ್‌ನ ಕಥನಕ್ರಮ ಹೊಸದು. ಇಡೀ ಕಾದಂಬರಿ ಸಾಕ್ಷಿಗಳ ಹೇಳಿಕೆಗಳ ಕಡತ. ಮನೆಯ ಹಳೆಯ ಮೇಲ್ವಿಚಾರಕ ಬೆಟರೆಜ್, ಧರ್ಮದ ಕರಪತ್ರ ಹಂಚುವ ಮಿಸ್ ಕ್ಲ್ಯಾಕ್, ವಕೀಲ ಬ್ರಫ್, ರೇಚೆಲ್‌ಳನ್ನು ಪ್ರೀತಿಸುವ ಫ್ರಾಂಕ್ಲಿನ್ ಬ್ಲೇಕ್, ಊರವರು ದೂರವಿಟ್ಟ ವೈದ್ಯಸಹಾಯಕ ಎಜ್ರಾ ಜೆನಿಂಗ್ಸ್, ಒಬ್ಬೊಬ್ಬರೂ ತಾವು ಕಂಡಷ್ಟನ್ನೇ ಬರೆಯಬೇಕು, ಅದರಾಚೆಗೆ ಹೋಗಬಾರದು. ಬೆಟರೆಜ್ ಯಾವ ಸಂಕಟ ಬಂದರೂ ‘ರಾಬಿನ್ಸನ್ ಕ್ರೂಸೋ’ ತೆರೆದು ಶಕುನ ನೋಡುವವನು. ನಮ್ಮಲ್ಲಿ ಪ್ರಸಾದ ಕೇಳುವ ಹಾಗೆ. ಮಿಸ್ ಕ್ಲ್ಯಾಕ್ ತನ್ನನ್ನು ಪರಮ ಸಾಧ್ವಿಯೆಂದು ಬಣ್ಣಿಸಿಕೊಳ್ಳುತ್ತಲೇ ಪರದೆಯ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆ. ಅವಳ ಭಾಗ ಓದಿದ ಭಾನುವಾರ ನಕ್ಕಷ್ಟು ನಾವು ಯಾವತ್ತೂ ನಕ್ಕಿರಲಿಲ್ಲ.

ಈ ಕ್ರಮ ಕೂಡಿ ಓದುವವರಿಗಾಗಿಯೇ ಹುಟ್ಟಿದಂತಿದೆ ಎಂದು ನನಗೆ ನಿಧಾನವಾಗಿ ಅನ್ನಿಸತೊಡಗಿತು. ಒಬ್ಬನೇ ಓದುವಾಗ ಯಾರು ಹೇಳುತ್ತಿದ್ದಾರೋ ಅವರ ಕಣ್ಣೇ ನನ್ನ ಕಣ್ಣಾಗುತ್ತದೆ. ಗುಂಪಿನಲ್ಲಿ ಹಾಗಾಗದು. ಬೆಟರೆಜ್‌ನನ್ನು ಮುಗ್ಧ ಮುದುಕನೆಂದು ನಾನು ಮೆಚ್ಚಿದರೆ, ಆತ ಹೆಂಗಸರ ಬಗ್ಗೆ ಆಡುವ ಮಾತುಗಳನ್ನು ಕಾನೂನು ಓದುತ್ತಿದ್ದ ಹುಡುಗಿಯೊಬ್ಬಳು ಗುರುತು ಹಾಕಿಕೊಂಡು ಬಂದಿದ್ದಳು. ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಹಿರಿಯರೊಬ್ಬರಿದ್ದರು. “ಸಾಕ್ಷಿ ಸುಳ್ಳೇ ಹೇಳಬೇಕು ಅಂತಿಲ್ಲ ಕಣಪ್ಪ, ಅವನನ್ನ ಎಲ್ಲಿ ನಿಲ್ಲಿಸಿದ್ರು ಅನ್ನೋದನ್ನ ನೋಡು” ಎನ್ನುತ್ತಿದ್ದರು.

ತನಿಖೆಗೆ ಬರುವ ಸಾರ್ಜೆಂಟ್ ಕಫ್ ಗುಲಾಬಿ ಗಿಡಗಳ ಮೋಹಿ, ಮಹಾ ಚಾಣಾಕ್ಷ. ಕಾಲಿನ್ಸ್‌ನ ಮನಸ್ಸಿನಲ್ಲಿ 1860ರ ರೋಡ್ ಹಿಲ್ ಮನೆಯ ಕೊಲೆ ಪ್ರಕರಣ ಇತ್ತು. ಅಲ್ಲಿಯೂ ಕಾಣೆಯಾದ ಒಂದು ರಾತ್ರಿಯುಡುಪು ತನಿಖೆಯ ಕೇಂದ್ರವಾಗಿತ್ತು. ತನಿಖೆ ಮಾಡಿದ ವಿಚರ್ ಮನೆಮಗಳ ಮೇಲೆ ಸಂಶಯಪಟ್ಟು ಜನರ ಕೋಪಕ್ಕೆ ಗುರಿಯಾಗಿದ್ದ. ಐದು ವರ್ಷದ ನಂತರ ಅವಳೇ ತಪ್ಪೊಪ್ಪಿಕೊಂಡಳು. ಕಾದಂಬರಿಯ ಕಫ್ ಮಾತ್ರ ತಪ್ಪುತ್ತಾನೆ. ಅವನ ತರ್ಕದಲ್ಲಿ ದೋಷವಿಲ್ಲ. ಹಿಂದೆ ಕಂಡ ಪ್ರಕರಣಗಳ ಅಚ್ಚಿನಲ್ಲಿ ಈ ಮನೆಯವರನ್ನೂ ಸುರಿಯುತ್ತಾನೆ, ಅಷ್ಟೆ. ಮೊದಲ ದೊಡ್ಡ ಪತ್ತೇದಾರಿ ಕಾದಂಬರಿಯಲ್ಲೇ ಪತ್ತೇದಾರ ಸೋಲುತ್ತಾನೆ ಎಂಬುದನ್ನು ನಾವು ಮರೆಯಬಾರದು.

ರೊಸಾನಾ ಹೊಯಿಗೆಯ ಹುದುಲಿನಲ್ಲಿ ಬಿದ್ದು ಪ್ರಾಣ ಕಳೆದುಕೊಳ್ಳುತ್ತಾಳೆ. ಬಹಳ ಕಾಲದ ಮೇಲೆ ಅವಳು ಬ್ಲೇಕ್‌ಗೆ ಬರೆದಿಟ್ಟ ಕಾಗದ ಸಿಗುತ್ತದೆ. ಅವಳು ಅವನನ್ನು ಪ್ರೀತಿಸಿದ್ದಳು, ಅವನನ್ನು ಉಳಿಸಲೆಂದೇ ಒಂದು ಗುರುತನ್ನು ಬಚ್ಚಿಟ್ಟಿದ್ದಳು. ಅವನು ಒಮ್ಮೆಯೂ ಅವಳನ್ನು ಸರಿಯಾಗಿ ನೋಡಿರಲಿಲ್ಲ. ಕಾಗದವನ್ನು ಪೂರ್ತಿ ಓದಲಾರದೆ ಅವನು ಅದನ್ನು ಬೆಟರೆಜ್‌ನ ಕೈಗೆ ಕೊಡುತ್ತಾನೆ. ಯಾರಿಗಾಗಿ ಬರೆದಳೋ ಅವನಿಂದ ಓದಲಾಗದ್ದನ್ನು ಇನ್ನೊಬ್ಬ ಓದಬೇಕಾಗುತ್ತದೆ.

ಆ ವಾರ ನಮ್ಮ ಬಳಗದಲ್ಲಿ ನರ್ಸ್ ಆಗಿ ಕೆಲಸ ಮಾಡುವ ಹೆಣ್ಣುಮಗಳೊಬ್ಬರು ಮೊದಲ ಸಲ ಮಾತಾಡಿದರು. “ನಮ್ಮವ್ವ ಮನೆಗೆಲಸ ಮಾಡ್ತಿದ್ರು. ಒಂದು ಮನೇಲಿ ಬೆಂಡೋಲೆ ಕಳೀತು. ಯಾರೂ ಬೈಲಿಲ್ಲ, ಏನೂ ಕೇಳ್ಲಿಲ್ಲ. ನಾಳೆಯಿಂದ ಬರಬೇಡ ಅಂದ್ರು, ಅಷ್ಟೇ. ಆಮೇಲೆ ಸಿಕ್ತಂತೆ. ಆಗಲೂ ಯಾರೂ ಬಂದು ಹೇಳ್ಲಿಲ್ಲ.” ಅವರು ಡಬ್ಬಿಗೆ ಖಾಲಿ ಚೀಟಿ ಹಾಕಿದ್ದರಂತೆ. ನನ್ನ ಚೀಟಿ ಅದೇ ಡಬ್ಬಿಯೊಳಗಿತ್ತು. ಅದನ್ನು ತೆಗೆದು ಹರಿದು ಹಾಕಬೇಕೆನ್ನಿಸಿತು. ಆದರೆ ನಿಯಮ ಮಾಡಿದವನು ನಾನೇ.

ಕೊನೆಗೆ ಡಬ್ಬಿ ತೆರೆದಾಗ ಒಂಬತ್ತರಲ್ಲಿ ಐದು ಚೀಟಿಯಲ್ಲಿ ರೊಸಾನಾ ಹೆಸರಿತ್ತು, ಎರಡರಲ್ಲಿ ಆ ಮೂವರು ಭಾರತೀಯರು. ಒಬ್ಬಳು ಬಡವಿ, ಮೂವರು ಪರದೇಶಿಗಳು. ನಾವೆಲ್ಲ ಓದಿದವರು, ಸಭೆಗಳಲ್ಲಿ ಸಮಾನತೆಯ ಬಗ್ಗೆ ಮಾತಾಡುವವರು. ಒಬ್ಬನೇ ಓದಿದ್ದರೆ ಈ ಅನುಮಾನ ನನ್ನ ಮನಸ್ಸಿನಲ್ಲಿ ಹುಟ್ಟಿ, ಮುಂದಿನ ಅಧ್ಯಾಯ ಬರುತ್ತಲೇ ಅಳಿಸಿಹೋಗುತ್ತಿತ್ತು. ‘ನನಗೆ ಮೊದಲೇ ಗೊತ್ತಿತ್ತು’ ಎಂದು ನಾನೇ ನಂಬಿಬಿಡುತ್ತಿದ್ದೆ. ಪತ್ತೇದಾರಿ ಕಾದಂಬರಿಯ ಕೊನೆ ಓದುಗನ ತಪ್ಪನ್ನು ಮರೆಸುವಷ್ಟು ಸೊಗಸಾಗಿರುತ್ತದೆ. ಚೀಟಿ ಮರೆಯಲು ಬಿಡಲಿಲ್ಲ.

ಮುಂದೆ ಬಂದ ಪ್ರಸಿದ್ಧ ಕಾದಂಬರಿಗಳ ಕಾಲದಲ್ಲಿ, 1928ರಲ್ಲಿ, ವ್ಯಾನ್ ಡೈನ್ ಎಂಬ ಅಮೆರಿಕದ ಲೇಖಕ ಪತ್ತೇದಾರಿ ಕಥೆಗೆ ಇಪ್ಪತ್ತು ನಿಯಮಗಳನ್ನು ಬರೆದ. ಅದರಲ್ಲೊಂದು, ಮನೆಯಾಳನ್ನು ಅಪರಾಧಿಯಾಗಿಸಬಾರದು ಎಂಬುದು. ಕೇಳಲು ಉದಾರವಾಗಿದೆ. ಆದರೆ ಅವನು ಕೊಡುವ ಕಾರಣ ಬೇರೆ: ಅದು ತೀರಾ ಸುಲಭದ ಪರಿಹಾರ, ಅಪರಾಧಿ ಗಣ್ಯವ್ಯಕ್ತಿಯಾಗಿರಬೇಕು. ಹೀಗೆ ಆಳುಗಳು ಅನುಮಾನದಿಂದ ಪಾರಾದದ್ದು ಕಥೆಯಿಂದಲೂ ಹೊರಬಿದ್ದ ಮೇಲೆಯೇ. ಅರವತ್ತು ವರ್ಷ ಹಿಂದಿನ ಕಾಲಿನ್ಸ್ ರೊಸಾನಾಳ ಕಾಗದಕ್ಕೆ ಕೊಟ್ಟ ಪುಟಗಳನ್ನು ನೆನೆದರೆ, ಈ ಪ್ರಕಾರ ಬೆಳೆಯುತ್ತ ಚುರುಕಾಯಿತು, ಜೊತೆಗೆ ಕಿರಿದೂ ಆಯಿತು ಎನ್ನಿಸುತ್ತದೆ.

ಹಾಗಾದರೆ ಕಾಲಿನ್ಸ್ ಎಲ್ಲರ ಮಾತನ್ನೂ ಕೇಳಿಸಿದನೇ? ಇಲ್ಲಿ ನಮ್ಮಲ್ಲಿ ದೊಡ್ಡ ಜಗಳವೇ ಆಯಿತು. ರೊಸಾನಾಗೆ ಸತ್ತ ಮೇಲಾದರೂ ಒಂದು ಕಾಗದವಿದೆ. ಆ ಮೂವರು ಬ್ರಾಹ್ಮಣರಿಗೆ ಅದೂ ಇಲ್ಲ. ಅವರನ್ನು ಒಂದು ವಾರ ಜೈಲಿನಲ್ಲಿಡುತ್ತಾರೆ, ಕಳ್ಳತನದಲ್ಲಿ ಅವರ ಕೈಯಿಲ್ಲವೆಂದು ಗೊತ್ತಾಗಿ ಬಿಡುತ್ತಾರೆ. ಅವರ ಭಾಷೆ ಬಲ್ಲ ಮರ್ತ್‌ವೇಟ್ ಎಂಬ ಪ್ರವಾಸಿ ಕಥೆಯಲ್ಲೇ ಇದ್ದಾನೆ, ಅವರೊಂದಿಗೆ ಮಾತಾಡಿಯೂ ಇದ್ದಾನೆ. ಆದರೂ ಕಡತಕ್ಕೆ ಅವರ ಹೇಳಿಕೆ ಸೇರುವುದಿಲ್ಲ. ಕಾನೂನು ಓದುವ ಹುಡುಗಿ, ಇದು ವಸಾಹತುಗಾರನ ಕಣ್ಣೇ ಎಂದಳು. ಸೋಮನಾಥನೆಂದರೆ ಚಂದ್ರನ ಒಡೆಯ ಶಿವ. ಕಾಲಿನ್ಸ್ ಅವನನ್ನೇ ಚಂದ್ರದೇವನನ್ನಾಗಿ ಮಾಡಿ, ವಿಷ್ಣುವಿನಿಂದ ಕಾವಲಿಗೆ ಅಪ್ಪಣೆ ಕೊಡಿಸಿದ್ದಾನೆ. ಅವನು ಭಾರತಕ್ಕೆ ಬಂದವನೇ ಅಲ್ಲ.

ಅವಳ ಮಾತು ನಿಜ. ಇನ್ನೊಂದೂ ನಿಜ. 1857ರ ದಂಗೆಯ ವರ್ಷವೇ ಕಾಲಿನ್ಸ್, ಡಿಕನ್ಸ್ ಜೊತೆ ಸೇರಿ, ಆ ಕಾಲದ ಇಂಗ್ಲಿಷ್ ಸಿಟ್ಟಿಗೆ ದನಿಯಾದ ‘ದಿ ಪೆರಿಲ್ಸ್ ಆಫ್ ಸರ್ಟನ್ ಇಂಗ್ಲಿಷ್ ಪ್ರಿಸನರ್ಸ್’ ಎಂಬ ಕಥೆ ಬರೆದಿದ್ದ. ಹನ್ನೊಂದು ವರ್ಷದ ನಂತರ ಅದೇ ಲೇಖಕ ವಜ್ರವನ್ನು ಇಂಗ್ಲೆಂಡಿನಲ್ಲಿ ಉಳಿಸದೆ ಸೋಮನಾಥಕ್ಕೆ ವಾಪಸು ಕಳಿಸುತ್ತಾನೆ. ಕೊಹಿನೂರ್ ಲಂಡನ್ನಿನಲ್ಲಿ ಪ್ರದರ್ಶನಕ್ಕಿದ್ದದ್ದು 1851ರಲ್ಲಿ. ಓದುಗರಿಗೆ ಅದು ಮರೆತಿರಲಿಲ್ಲ. ಕೊನೆಯ ಪುಟಗಳಲ್ಲಿ ಆ ಮೂವರು, ಕಡಲು ದಾಟಿ ಜಾತಿ ಕಳೆದುಕೊಂಡದ್ದಕ್ಕೆ ಪ್ರಾಯಶ್ಚಿತ್ತವಾಗಿ, ಮತ್ತೆಂದೂ ಒಬ್ಬರ ಮುಖ ಒಬ್ಬರು ನೋಡದಂತೆ ಮೂರು ದಿಕ್ಕಿಗೆ ಯಾತ್ರೆ ಹೊರಡುತ್ತಾರೆ. ಅವರು ಮಾಡಿದ ಹಿಂಸೆಯನ್ನು ಕಾದಂಬರಿ ಮರೆಮಾಚುವುದಿಲ್ಲ. ಆದರೂ ಆ ಅಗಲಿಕೆಯ ಮುಂದೆ ಇಂಗ್ಲೆಂಡಿನ ಮನೆಯ ಮದುವೆಯ ಸಂತೋಷ ಸಣ್ಣದಾಗಿ ಕಾಣುತ್ತದೆ. ಅದನ್ನೂ ದೂರದಿಂದ ನೋಡಿ ನಮಗೆ ಹೇಳುವವನು ಮರ್ತ್‌ವೇಟೇ.

ಕೊನೆಯ ಸಭೆಯಲ್ಲಿ, ಎಲ್ಲ ಗಂಟೂ ಬಿಚ್ಚಿ, ಕಳ್ಳ ಸಿಕ್ಕಿ, ವಜ್ರ ಊರು ಸೇರಿದ ಮೇಲೆ, ಶಿರಸ್ತೇದಾರರು ಕನ್ನಡಕ ತೆಗೆದು ಕೇಳಿದರು: “ಸರಿ, ಮೊದಲನೇ ಕೇಸು ಏನಾಯ್ತು?”

ಯಾವ ಕೇಸು ಎಂದು ತಿಳಿಯದೆ ನಾವು ಒಬ್ಬರನ್ನೊಬ್ಬರು ನೋಡಿದೆವು. “ಪಟ್ಟಣದಲ್ಲಿ ಮೂರು ಕೊಲೆ. ಆರೋಪಿ ಗೊತ್ತು, ಆಯುಧ ಸಿಕ್ಕಿದೆ, ಮಾಲು ಅವನ ಹತ್ರನೇ ಇದೆ. ಎಫ್‌ಐಆರೇ ಇಲ್ವಲ್ಲಪ್ಪ!”

ನಾನು ಐದು ನಿಮಿಷದಲ್ಲಿ ಮುಗಿಸಿದ್ದ ಹಿನ್ನೆಲೆ ಅದು. ಹದಿನಾರು ವಾರ ನಾವು ಬೆನ್ನಟ್ಟಿದ್ದು ಎರಡನೆಯ ಕಳ್ಳತನವನ್ನು, ಕದ್ದ ಮಾಲಿನ ಕಳ್ಳತನವನ್ನು. ಅದಕ್ಕೆ ಪೊಲೀಸರು, ವಕೀಲರು, ವೈದ್ಯರು, ಅಷ್ಟು ಜನ ಸಾಕ್ಷಿಗಳು. ಮೊದಲನೆಯದಕ್ಕೆ ಒಂದು ಮನೆಯ ಕಾಗದ. ಅಪರಾಧಿ ಯಾರೆಂದು ಮೊದಲ ಪುಟಗಳಲ್ಲೇ ಗೊತ್ತಾದ್ದರಿಂದ ನಮಗೆ ಅದು ಅಪರಾಧವೆಂದೇ ತೋರಲಿಲ್ಲ. ಈ ಪ್ರಕಾರ ನಮ್ಮನ್ನು ಹಾಗೆ ಪಳಗಿಸಿದೆ: ಗುಟ್ಟು ಇದ್ದರೆ ಮಾತ್ರ ಕುತೂಹಲ, ಕುತೂಹಲ ಇದ್ದರೆ ಮಾತ್ರ ನ್ಯಾಯ. ಕಾಲಿನ್ಸ್ ಆ ಪಳಗಿಸುವಿಕೆಗೆ ಮೊದಲಿಗ. ಆದರೆ ಅವನೇ ಮೊದಲ ಪುಟಗಳಲ್ಲಿ ಅದಕ್ಕೆ ಎದುರಾದ ಸಾಕ್ಷ್ಯವನ್ನೂ ಬಿಟ್ಟುಹೋಗಿದ್ದಾನೆ. ಅದನ್ನು ಓದಿಯೂ ಓದದೆ ಮುಂದೆ ಹೋದವನು ನಾನು.

ಗಂಜಾಮಿನ ಟೀಚರು ಅಂದು ಏನೂ ಹೇಳಲಿಲ್ಲ, ನನ್ನ ಕಡೆ ನೋಡಿ ಸಣ್ಣಗೆ ನಕ್ಕರು. ಮುಂದಿನ ಭಾನುವಾರ ಹೊಸ ಪುಸ್ತಕ ಶುರುಮಾಡಲಿಲ್ಲ. ಆ ಮೊದಲ ಹತ್ತಾರು ಪುಟಗಳನ್ನೇ ಮತ್ತೆ, ಗಟ್ಟಿಯಾಗಿ, ಸರದಿಯಂತೆ ಓದಿದೆವು. ಓದಿ ಮುಗಿಸಲು ಒಂದು ಗಂಟೆಯೂ ಬೇಕಾಗಲಿಲ್ಲ. ಮಾತು ಮುಗಿಯುವಾಗ ಕತ್ತಲಾಗಿತ್ತು, ಗಂಜಾಮಿನ ಬಸ್ಸು ಹೋಗಿಬಿಟ್ಟಿತ್ತು. ಟೀಚರನ್ನು ಶಿರಸ್ತೇದಾರರ ಮಗ ಕಾರಿನಲ್ಲಿ ಬಿಟ್ಟುಬಂದ.

ಪತ್ತೇದಾರಿ ಕಾದಂಬರಿಯನ್ನು ಕೂಡಿ ಓದಬೇಕೆನ್ನುವವರಿಗೆ ನನ್ನದು ಒಂದೇ ಸಲಹೆ. ಅನುಮಾನದ ಚೀಟಿ ಬರೆದಿಡಿ. ಕಳ್ಳನನ್ನು ಯಾರು ಮೊದಲು ಹಿಡಿದರು ಎಂದು ತಿಳಿಯುವುದಕ್ಕಲ್ಲ. ಯಾರನ್ನು ಏನೂ ಕೇಳದೆಯೇ ನಾವು ಹಿಡಿದುಬಿಟ್ಟೆವು ಎಂದು ತಿಳಿಯುವುದಕ್ಕೆ.