ಉಳಿದ ಹೊತ್ತು ಯಾರದು?

ವೈದ್ಯರ ವಿಷಯದಲ್ಲಿ ನಮ್ಮ ಜನ ಆಡುವ ಮಾತುಗಳಲ್ಲಿ ‘ಕೈಗುಣ’ ಎಂಬುದೊಂದು. ಔಷಧಿ ಅದೇ, ಸೀಸೆ ಅದೇ. ಆದರೂ ಒಬ್ಬರು ಕೊಟ್ಟರೆ ಗುಣ, ಇನ್ನೊಬ್ಬರು ಕೊಟ್ಟರೆ ಇಲ್ಲ. ವಿಜ್ಞಾನ ಓದಿದವರು ಇದನ್ನು ಕೇಳಿ ನಗಬಹುದು, ನಾನೂ ನಕ್ಕವನೇ. ಆದರೆ ಕೃತಕ ಬುದ್ಧಿಯನ್ನು ಕುರಿತ ಗ್ರಂಥವೊಂದನ್ನು ಓದಿ ಮುಗಿಸಿದಾಗ ಈ ಹಳೆಯ ಮಾತೇ ನೆನಪಿಗೆ ಬಂದಿತು.

ಗ್ರಂಥದ ಹೆಸರು ‘ಡೀಪ್ ಮೆಡಿಸಿನ್’, 2019ರಲ್ಲಿ ಪ್ರಕಟವಾದುದು. ಕರ್ತೃ ಎರಿಕ್ ಟೊಪಾಲರು ಅಮೆರಿಕದ ಹೆಸರಾಂತ ಹೃದ್ರೋಗ ತಜ್ಞರು. ಮುನ್ನುಡಿ ಬರೆದ ಅಬ್ರಹಾಂ ವರ್ಗೀಸರು ಮದರಾಸಿನಲ್ಲಿ ವೈದ್ಯ ಕಲಿತವರು, ಕಾದಂಬರಿಕಾರರೂ ಹೌದು. ಯಂತ್ರದ ಸ್ತೋತ್ರವಿದ್ದೀತೆಂದು ನಾನು ಅನುಮಾನದಿಂದಲೇ ಪುಸ್ತಕವನ್ನು ಕೈಗೆತ್ತಿಕೊಂಡೆ. ಟೊಪಾಲರು ಆರಂಭಿಸುವುದು ತಮ್ಮ ಮೊಣಕಾಲಿನ ಕಥೆಯಿಂದ. ಮೊಣಕೀಲು ಬದಲಾಯಿಸಿದ ಮೇಲೆ ಅವರ ನೋವು ತಗ್ಗಲಿಲ್ಲ, ಕಾಲು ಬಿಗಿದುಕೊಂಡಿತು. ಎಳೆಯ ವಯಸ್ಸಿನಿಂದ ಇದ್ದ ಅಪರೂಪದ ಕೀಲುದೋಷವನ್ನು ಗಮನಿಸದೆ, ಎಲ್ಲರಿಗೂ ಹೇಳುವ ಬಿರುಸಾದ ವ್ಯಾಯಾಮವನ್ನೇ ಅವರಿಗೂ ಹೇಳಿದ್ದರು. ಕಷ್ಟ ತೋಡಿಕೊಂಡರೆ, ಶಸ್ತ್ರವೈದ್ಯರಿಂದ ಬಂದ ಸಲಹೆ ಮನಸ್ಸಿನ ಖಿನ್ನತೆಗೆ ಮಾತ್ರೆ ನುಂಗಿರೆಂದು! ದೊಡ್ಡ ವೈದ್ಯರಿಗೇ ಈ ಗತಿಯಾದರೆ ಸಾಮಾನ್ಯರ ಪಾಡೇನು? ಇಡೀ ಗ್ರಂಥದಲ್ಲಿ ಇದಕ್ಕಿಂತ ಜೀವಂತವಾದ ಭಾಗ ನನಗೆ ಕಾಣಲಿಲ್ಲ.

ಗ್ರಂಥಕರ್ತರ ವಾದ ಇಲ್ಲಿಂದಲೇ ಬೆಳೆಯುತ್ತದೆ. ಇಂದಿನ ವೈದ್ಯರಿಗೆ ಕೊರತೆಯಾಗಿರುವುದು ಹೊತ್ತು. ದಾಖಲೆ ಬರೆಯುವ, ಚಿತ್ರಗಳನ್ನು ಸೋಸಿ ನೋಡುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದರೆ ಆ ಹೊತ್ತು ಉಳಿಯುತ್ತದೆ. ಆಗ ರೋಗಿಯ ಬಳಿ ಕುಳಿತು ಅವನ ಮಾತು ಕೇಳಬಹುದು. ಯಂತ್ರ ಬಂದರೆ ಮನುಷ್ಯತ್ವ ಹೋಗುತ್ತದೆಂದು ಹೆದರುವವರಿಗೆ, ಯಂತ್ರವೇ ಅದನ್ನು ಮರಳಿ ತಂದೀತು ಎಂಬ ಉತ್ತರ. ಎಷ್ಟು ಸೊಗಸಾದ ಆಸೆ!

ಆಸೆ ಆಧಾರವಿಲ್ಲದ್ದಲ್ಲ. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲಕ್ಕೆ ಆಗುವ ಹಾನಿಯನ್ನು ಪರಿಣತ ನೇತ್ರವೈದ್ಯರಿಗೆ ಸರಿದೊರೆಯಾಗಿ ಗುರುತಿಸುವ ಯಂತ್ರವನ್ನು ಗೂಗಲ್ ಸಂಸ್ಥೆಯವರು 2016ರಲ್ಲಿ ಲೋಕದ ಮುಂದಿಟ್ಟರು. ಅದಕ್ಕೆ ಪಾಠ ಕಲಿಸಿದ 1,28,175 ಚಿತ್ರಗಳು ಅಮೆರಿಕದಿಂದಲೂ ಭಾರತದಿಂದಲೂ ಬಂದವು. ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯದ ಚಿತ್ರಗಳೂ ಅವುಗಳಲ್ಲಿದ್ದವು. ಕಣ್ಣಿನ ತಜ್ಞರು ಸಿಗದ ಊರುಗಳಲ್ಲಿ ಇಂಥ ಯಂತ್ರ ಎಷ್ಟು ಜನರ ದೃಷ್ಟಿಯನ್ನು ಉಳಿಸೀತು! ಇದನ್ನು ಹಗುರಾಗಿ ಕಾಣುವುದು ತಪ್ಪು.

ಆದರೆ ಅದೇ ಯಂತ್ರವನ್ನು ಥಾಯ್ಲೆಂಡಿನ 11 ಚಿಕಿತ್ಸಾಲಯಗಳಲ್ಲಿಟ್ಟು ನೋಡಿದ ವರದಿ 2020ರಲ್ಲಿ, ಈ ಗ್ರಂಥ ಬಂದ ಮರುವರ್ಷ, ಹೊರಬಿತ್ತು. ಅಲ್ಲಿ ಚಿತ್ರ ತೆಗೆಯುವವರು ದಾದಿಯರು, ಕೋಣೆಯಲ್ಲಿ ಬೇಕಾದಷ್ಟು ಕತ್ತಲಿಲ್ಲ, ಅಂತರ್ಜಾಲ ನಿಧಾನ. 1,838 ಚಿತ್ರಗಳಲ್ಲಿ ನೂರಕ್ಕೆ 21ರಷ್ಟನ್ನು ಯಂತ್ರ ಒಪ್ಪಲೇ ಇಲ್ಲ. ಚಿತ್ರ ಒಪ್ಪಿಗೆಯಾಗದವರು ಇನ್ನೊಂದು ದಿನ, ಇನ್ನೊಂದು ಆಸ್ಪತ್ರೆಗೆ ಅಲೆಯಬೇಕಾಯಿತು. ಬೇಸರಿಸಿದವರನ್ನು ಸಮಾಧಾನಪಡಿಸಿದವರು ಯಾರು? ಅದೇ ದಾದಿಯರು. ಯಂತ್ರ ಉಳಿಸಬೇಕಾಗಿದ್ದ ಹೊತ್ತನ್ನು ಯಂತ್ರದ ಸೇವೆಯೇ ತಿಂದುಹಾಕಿತು.

ನಾನು ಗ್ರಂಥಕರ್ತರಿಂದ ಬೇರೆಯಾಗುವುದು ಇಲ್ಲಿ. ಹೊತ್ತು ಉಳಿಯಿತೆಂದೇ ಇಟ್ಟುಕೊಳ್ಳೋಣ. ಅದು ಯಾರ ಪಾಲಿಗೆ? ಹತ್ತು ರೋಗಿಗಳನ್ನು ನೋಡುತ್ತಿದ್ದಲ್ಲಿ ಇಪ್ಪತ್ತು ಮಂದಿಯನ್ನು ನೋಡಿ ಎಂದು ಆಸ್ಪತ್ರೆಯ ಆಡಳಿತ ಹೇಳಿದರೆ? ಟೊಪಾಲರು ಈ ಅಪಾಯವನ್ನು ಕಾಣದವರಲ್ಲ. ವೈದ್ಯರು ಎದ್ದು ನಿಂತು ಕೇಳಬೇಕೆನ್ನುತ್ತಾರೆ. ಆದರೆ ಯಂತ್ರದ ವಿವರಣೆಗೆ ಇರುವ ಧಾರಾಳ ಈ ಪ್ರಶ್ನೆಗೆ ಇಲ್ಲ. ಕಾಗದದ ಕಡತ ಹೋಗಿ ಗಣಕ ಬಂದಾಗಲೂ ವೈದ್ಯರ ಶ್ರಮ ತಗ್ಗುತ್ತದೆಂದೇ ಹೇಳಿದ್ದರು.

ಹೋದ ವರ್ಷ ಅಕ್ಕನೊಡನೆ ಒಂದು ಆಸ್ಪತ್ರೆಗೆ ಹೋಗಿದ್ದೆ. ವೈದ್ಯರು ಸಜ್ಜನರೇ, ಆದರೆ ಕಣ್ಣು ಪರದೆಯ ಮೇಲೆ, ಬೆರಳು ಕೀಲಿಮಣೆಯ ಮೇಲೆ. ಹೊರಗೆ ಇನ್ನೂ ಮೂವತ್ತು ಜನ ಕಾಯುತ್ತಿದ್ದರು. ಬರೆದುಕೊಟ್ಟ ಮಾತ್ರೆ ಸರಿಯಾಗಿಯೇ ಇತ್ತು. ಅಕ್ಕನಿಗೆ ಗುಣವೂ ಆಯಿತು. ಆದರೂ ಮೆಟ್ಟಿಲಿಳಿಯುವಾಗ ಅವಳು, “ಅವರು ನನ್ನ ಮುಖ ನೋಡಲೇ ಇಲ್ಲವಲ್ಲೋ” ಎಂದಳು. ಕೈಗುಣವೆಂದು ನಮ್ಮವರು ಕರೆದದ್ದರಲ್ಲಿ ಬಹುಪಾಲು ಈ ಮುಖ ನೋಡುವ ಗುಣವೇ ಇರಬಹುದೆಂದು ನನಗೆ ಅಂದೇ ತೋರಿತು. ಅದನ್ನು ಕಲಿಸಲು ಯಂತ್ರ ಬೇಕಿಲ್ಲ, ತಡೆಯಲೂ ಯಂತ್ರ ಬೇಕಿಲ್ಲ; ಬಾಗಿಲಾಚೆಯ ಆ ಮೂವತ್ತು ಜನರ ಸಾಲೇ ಸಾಕು.

ಇಷ್ಟು ಹೇಳಿದರೂ ಗ್ರಂಥ ಓದತಕ್ಕದ್ದು. ವಿಷಯ ಕಠಿಣವಾದರೂ ಬರವಣಿಗೆ ತಿಳಿಯಾಗಿದೆ. ಹುರುಪಿನ ನಡುವೆಯೂ ಯಂತ್ರದ ಸೋಲುಗಳನ್ನು ಕರ್ತೃ ಮುಚ್ಚಿಡುವುದಿಲ್ಲ. ವೈದ್ಯರು ಇದನ್ನು ಹೇಗೂ ಓದಿಯಾರು. ಆಸ್ಪತ್ರೆಗಳನ್ನು ನಡೆಸುವವರು, ಅವುಗಳಿಗೆ ಹಣ ಮಂಜೂರು ಮಾಡುವವರು ಓದಬೇಕು. ಉಳಿಯುವ ಹೊತ್ತಿನ ಲೆಕ್ಕ ಅವರ ಕೈಯಲ್ಲಿದೆ.