ಎರಡು ನಟ್ಟುಗಳ ಕೀರ್ತಿ

ಸೈಕಲ್ಲಿಗೆ ಹಾಕುವ ಹಬ್ ಮೋಟಾರ್ ಕಿಟ್ಟುಗಳನ್ನು ಹೊಗಳುವವರೆಲ್ಲ ಹೇಳುವುದು ಒಂದೇ ಮಾತು: ಹಿಂದಿನ ಚಕ್ರ ಬಿಚ್ಚಿ, ಮೋಟಾರ್ ಇರುವ ಚಕ್ರ ಕೂರಿಸಿ, ಎರಡು ನಟ್ಟು ಬಿಗಿದರೆ ಕೆಲಸ ಮುಗಿಯಿತು. ಈ ಹೊಗಳಿಕೆ ಅತಿಯಾಯಿತು ಎಂದು ನನಗೆ ಮೊದಲಿನಿಂದಲೂ ಅನ್ನಿಸಿತ್ತು. ಗುಂಡ್ಲುಪೇಟೆಯಿಂದ ಹಂಗಳದ ಮೇಲೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡದವರೆಗೆ ಅಂಥದೊಂದು ಸೈಕಲ್ ಓಡಿಸಿದ ಮೇಲೆ ಆ ಅನ್ನಿಸಿಕೆ ಗಟ್ಟಿಯಾಯಿತು.

ಚಕ್ರದ ಅಚ್ಚನ್ನೇ ನಂಬಿದ ಮೋಟಾರು ಹೊಸದೇನಲ್ಲ. 1950ರಲ್ಲಿ ಬಂದ ಬ್ರಿಟನ್ನಿನ ಸೈಕಲ್‌ಮಾಸ್ಟರ್ ಎಂಜಿನ್ನನ್ನು ಚಕ್ರದೊಳಗೇ ಇಟ್ಟಿತ್ತು. 1952ರ ಹೋಂಡಾ ಕಬ್ ಎಫ್ ಹಿಂದಿನ ಚಕ್ರದ ಪಕ್ಕಕ್ಕೆ ಅಂಟಿಕೊಳ್ಳುತ್ತಿತ್ತು. ರಟ್ಟಿನ ಪೆಟ್ಟಿಗೆಯಲ್ಲಿ ಜಪಾನಿನ ಸೈಕಲ್ ಅಂಗಡಿಗಳಿಗೆ ಹೋಗುತ್ತಿತ್ತು. ನಮ್ಮಲ್ಲಿ 1972ರಲ್ಲಿ ಲೂನಾ, 1980ರಲ್ಲಿ ಟಿವಿಎಸ್ 50 ಮೊಪೆಡ್‌ಗಳು ಬಂದವು. ಆದರೆ ಅವುಗಳ ಚೌಕಟ್ಟನ್ನು ಮೋಟಾರಿಗೆಂದೇ ಕಟ್ಟಿದ್ದರು.

ಸೈಕಲ್ಲಿಗೆ ಹಾಕುವ ಪೆಟ್ರೋಲ್ ಕಿಟ್ಟಿಗೂ ಅದರದೇ ಗುಣವಿದೆ. ಎಂಜಿನ್ ಹಿಂದಿನ ಚಕ್ರದ ಮೇಲೆ ಕೂರುತ್ತದೆ, ಅದರ ಆಧಾರದ ಪಟ್ಟಿ ಅಚ್ಚಿಗೆ ಸಿಕ್ಕಿಕೊಳ್ಳುತ್ತದೆ, ಎಡಗಡೆಯ ಎರಡನೆಯ ಚೈನು ಚಕ್ರ ತಿರುಗಿಸುತ್ತದೆ. ಟೈರಿಗೆ ಉರುಳೆ ಒತ್ತಿ ಓಡಿಸುವ ಕಿಟ್ಟಿನಂತೆ ಮಳೆಯಲ್ಲಿ ಜಾರುವುದಿಲ್ಲ, ಟೈರನ್ನು ಸವೆಸುವುದಿಲ್ಲ. 25 ಸಿಸಿ ಮೀರದ ಎಂಜಿನ್ನಿನ ಇಂಥ ವಾಹನವನ್ನು 1988ರ ಮೋಟಾರು ವಾಹನ ಕಾಯ್ದೆ ಮೋಟಾರು ವಾಹನವೆಂದೇ ಎಣಿಸುವುದಿಲ್ಲ. ಆದರೂ ಬಂಡೀಪುರದ ಕಾಡಂಚಿನಲ್ಲಿ ಆ ಕರ್ಕಶ ಸದ್ದು ನನಗೆ ಬೇಡ. ಅಲ್ಲಿಗೆ ಪೆಟ್ರೋಲಿನ ಮಾತು ಮುಗಿಯಿತು.

ಈಗ ಆ ಎರಡು ನಟ್ಟುಗಳಿಗೆ ಬರೋಣ. ಸವಾರ, ಸೈಕಲ್, ಬ್ಯಾಟರಿ ಸೇರಿ 100 ಕೆಜಿ ಇಟ್ಟುಕೊಳ್ಳಿ. 100 ಮೀಟರಿಗೆ 8 ಮೀಟರ್ ಏರುವ ರಸ್ತೆಯಲ್ಲಿ ಇಷ್ಟನ್ನು ತಳ್ಳಲು, ಉರುಳುವ ತಡೆಯೂ ಸೇರಿ, ಸುಮಾರು 9 ಕೆಜಿ ತೂಕದಷ್ಟು ಬಲ ಬೇಕು. ಆ ಬಲ ಹುಟ್ಟಬೇಕಾದ ಜಾಗ ಅಚ್ಚಿನಿಂದ 34 ಸೆಂಟಿಮೀಟರ್ ದೂರದಲ್ಲಿ, ಟೈರು ನೆಲ ಮುಟ್ಟುವಲ್ಲಿ ಇದೆ. ಮೋಟಾರು ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಅಚ್ಚು ಅಷ್ಟೇ ಹಟದಿಂದ ಹಿಂದಕ್ಕೆ ತಿರುಗಲು ನೋಡುತ್ತದೆ. ಅದನ್ನು ಹಿಡಿದಿಡುವುದು ಫ್ರೇಮಿನ ತುದಿಯ ಸೀಳು, ಅದರಲ್ಲಿ ಕೂತ 12 ಮಿಲಿಮೀಟರ್ ಅಚ್ಚಿನ ಎರಡು ಚಪ್ಪಟೆ ಮಗ್ಗುಲು. 34 ಸೆಂಟಿಮೀಟರಿನಲ್ಲಿ 9 ಕೆಜಿ ಇದ್ದದ್ದು 12 ಮಿಲಿಮೀಟರಿಗೆ ಬರುವಾಗ ಸುಮಾರು 250 ಕೆಜಿ ಆಗುತ್ತದೆ. ಕಾಲಿನಿಂದ ತುಳಿಯುವ ಸೈಕಲ್ಲಿನಲ್ಲಿ ಅಚ್ಚು ಹೀಗೆ ತಿರುಚಿಕೊಳ್ಳುವುದೇ ಇಲ್ಲ. ಆ ಸೀಳನ್ನು ಯಾರೂ ಈ ಕೆಲಸಕ್ಕೆಂದು ಮಾಡಿಲ್ಲ. ನಟ್ಟು ಒಂದಿಷ್ಟು ಸಡಿಲಾದರೆ ಅಚ್ಚು ಸೀಳನ್ನು ಅಗಲಿಸಿಕೊಂಡು ಹೊರಳುತ್ತದೆ, ಮೋಟಾರಿಗೆ ಹೋಗುವ ವೈರನ್ನು ಸುತ್ತಿ ಹರಿಯುತ್ತದೆ. ಹಿಂದಿನ ಟ್ಯೂಬು ಪಂಕ್ಚರ್ ಆಗಿ ಚಕ್ರ ಬಿಚ್ಚಬೇಕಾಗಿ ಬಂದಾಗಲೆಲ್ಲ ಈ ಅಪಾಯ ಹೊಸದಾಗಿ ಶುರು.

ಏರಿನಲ್ಲಿ ಇನ್ನೊಂದು ತೊಂದರೆ. ಹಬ್ ಮೋಟಾರಿಗೆ ಗೇರು ಬದಲಿಸಲು ಬರುವುದಿಲ್ಲ. ಏರು ಕೇಳುವ ಬಲ ಅಷ್ಟೇ ಇರುವುದರಿಂದ ತಂತಿಸುರುಳಿಯಲ್ಲಿ ಹರಿಯುವ ಕರೆಂಟೂ ಶಾಖವೂ ಅಷ್ಟೇ ಇರುತ್ತವೆ, ವೇಗ ಮಾತ್ರ ಕುಸಿಯುತ್ತದೆ. ಗುಂಡ್ಲುಪೇಟೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್, ಬೆಟ್ಟ 1,454 ಮೀಟರ್. 100 ಕೆಜಿಯನ್ನು ಅಷ್ಟು ಎತ್ತಲು ಸುಮಾರು 180 ವ್ಯಾಟ್ ಅವರ್ ಬೇಕು; 36 ವೋಲ್ಟ್, 10 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಇರುವುದು ಅದರ ಎರಡರಷ್ಟು. ಕಾಗದದ ಮೇಲೆ ಸಾಕು. ಮೋಟಾರು ಅರ್ಧದಷ್ಟನ್ನು ಶಾಖಕ್ಕೆ ಕೊಟ್ಟರೆ ಸಾಲದು. ಖಾಸಗಿ ವಾಹನಗಳನ್ನು ಬುಡದಲ್ಲೇ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಮೇಲೆ ಕರೆದೊಯ್ಯುವುದರಿಂದ ಆ ಕೊನೆಯ ಏರಿಗೆ ನಾನು ಬಸ್ಸನ್ನೇ ಹತ್ತಿದೆ.

ಇಷ್ಟು ಓದಿ, ಪೆಡಲಿನ ಬಳಿ ಮೋಟಾರ್ ಕೂರಿಸಬೇಕೆನ್ನುವ ಪಂಡಿತರು ನನ್ನನ್ನು ತಮ್ಮ ಪಕ್ಷಕ್ಕೆ ಸೇರಿಸಿಕೊಳ್ಳಬಾರದು. ಅವರ ವಾದವೆಲ್ಲ ಗೇರ್ ಸೈಕಲ್ಲಿನ ವಾದ. ಹಂಗಳದ ಕಡೆ ಹುಲ್ಲಿನ ಹೊರೆ, ಹಾಲಿನ ಕ್ಯಾನು ಹೊರುವ ಸೈಕಲ್ಲಿಗೆ ಹಿಂದೆ ಇರುವುದು ಒಂದೇ ಫ್ರೀವೀಲು. ಅದರಲ್ಲಿ ಪೆಡಲಿನ ಮೋಟಾರಿಗೂ ಗೇರಿನ ಲಾಭವಿಲ್ಲ, ಚೈನು ಮಾತ್ರ ಬೇಗ ಸವೆಯುತ್ತದೆ. ಹಬ್ ಮೋಟಾರಿನಲ್ಲಿ ಚೈನಿಗೆ ಮೋಟಾರಿನ ಭಾರವೇ ಇಲ್ಲ, ಅದು ಹರಿದರೂ ಮನೆ ಸೇರಬಹುದು. ಈ ದೊಡ್ಡ ಗುಣವನ್ನು ಅವರು ಒಪ್ಪಿಕೊಂಡದ್ದನ್ನು ನಾನು ಕಂಡಿಲ್ಲ. ಸುಮ್ಮನೆ ಮೊಪೆಡ್ ಕೊಳ್ಳಿ ಎನ್ನುವವರದು ಇನ್ನೂ ಅವಸರ. 250 ವ್ಯಾಟಿನೊಳಗೆ, ಗಂಟೆಗೆ 25 ಕಿಮೀ ವೇಗದೊಳಗೆ ಇರುವ ಸೈಕಲ್ಲಿಗೆ ನೋಂದಣಿ ಬೇಡ, ಲೈಸೆನ್ಸೂ ಬೇಡ. ಅದು ಯಾರಿಗೆ ಮುಖ್ಯವೆಂದು ಅವರು ಕೇಳಿಕೊಂಡಿಲ್ಲ.

ನನ್ನ ಸೈಕಲ್ಲನ್ನು ಗುಂಡ್ಲುಪೇಟೆಯ ಒಂದು ಸೈಕಲ್ ಶಾಪಿಗೆ ಒಯ್ದಾಗ ಅಲ್ಲಿನ ಹಿರಿಯರು ಮೋಟಾರನ್ನು ನೋಡಲೇ ಇಲ್ಲ. ಬಗ್ಗಿ ಸೀಳಿನ ಮೇಲೆ ಬೆರಳಾಡಿಸಿ, “ಮೋಟ್ರು ಬುಡಿ ಸಾ, ಮೊದ್ಲು ಇದ ನೋಡಿ, ಬಾಯಿ ಬುಟ್ಟದೆ” ಎಂದರು. ದಪ್ಪನೆಯ ಪಟ್ಟಿ ಕಬ್ಬಿಣದ ತುಂಡೊಂದನ್ನು ಅಚ್ಚಿನ ಚಪ್ಪಟೆಗೆ ಸರಿಯಾಗಿ ಅರದಿಂದ ಉಜ್ಜಿ, ಇನ್ನೊಂದು ತುದಿಯನ್ನು ಫ್ರೇಮಿನ ಕೊಳವೆಗೆ ಕ್ಲಾಂಪು ಹಾಕಿ ಬಿಗಿದರು. ಅಚ್ಚು ಹೊರಳದಂತೆ ತಡೆಯುವ ಆ ತೋಳು ನಾನು ಕೊಂಡ ಕಿಟ್ಟಿನ ಪೆಟ್ಟಿಗೆಯಲ್ಲಿ ಇರಲಿಲ್ಲ.